ವಯಸ್ಕರ ಶಿಕ್ಷಣಕ್ಕೆ ಸರ್ಕಾರದ ಹಣ: ಎಲ್ಲಿಂದ ಬರುತ್ತದೆ, ಏಕೆ ನಡುವೆಯೇ ನಿಲ್ಲುತ್ತದೆ

2027ರ ಮಾರ್ಚ್ ತಿಂಗಳಲ್ಲಿ ಎರಡು ದಿನಾಂಕಗಳು ಒಂದರ ಬೆನ್ನಿಗೆ ಇನ್ನೊಂದು ಬರಲಿವೆ. ಹಿಮಾವೃತ ಪ್ರದೇಶಗಳನ್ನು ಬಿಟ್ಟರೆ ದೇಶದ ಉಳಿದೆಡೆ ಮಾರ್ಚ್ 1 ಹೊಸ ಜನಗಣತಿಯ ಆಧಾರ ದಿನಾಂಕ. ಓದುಬರಹ ಬಲ್ಲವರು ಎಷ್ಟು ಮಂದಿ ಎಂಬ ಅಧಿಕೃತ ಎಣಿಕೆ ಹದಿನಾರು ವರ್ಷಗಳ ನಂತರ ಆಗ ನಡೆಯುತ್ತದೆ. ಅದೇ ತಿಂಗಳ 31ರಂದು ಕೇಂದ್ರ ಸರ್ಕಾರದ ‘ನವ ಭಾರತ ಸಾಕ್ಷರತಾ ಕಾರ್ಯಕ್ರಮ’ಕ್ಕೆ, ಅಂದರೆ ‘ಉಲ್ಲಾಸ್’ ಎಂಬ ಹೆಸರಿನಲ್ಲಿ ಪರಿಚಿತವಾಗಿರುವ ಯೋಜನೆಗೆ, ಮಂಜೂರಾದ ಐದು ವರ್ಷಗಳ ಅವಧಿ ಮುಗಿಯುತ್ತದೆ. ಇನ್ನೂ ಎಷ್ಟು ಜನರಿಗೆ ಅಕ್ಷರ ಬಾರದು ಎಂದು ದೇಶಕ್ಕೆ ತಿಳಿಯುವ ಹೊತ್ತಿಗೆ, ಅವರಿಗೆ ಕಲಿಸಲೆಂದು ತೆಗೆದಿಟ್ಟ ಹಣದ ಗಡುವು ತೀರಿರುತ್ತದೆ.

ಇದು ಕಾಕತಾಳೀಯವಿರಬಹುದು. ಆದರೆ ವಯಸ್ಕರ ಶಿಕ್ಷಣಕ್ಕೆ ಹಣ ಬರುವ ರೀತಿಯೇ ಹಾಗೆ: ಅದು ಗಡುವಿನೊಂದಿಗೆ ಬರುತ್ತದೆ, ಗಡುವು ಮುಗಿದಾಗ ಹೊರಡುತ್ತದೆ. ಭಾರತದಲ್ಲಿ ಮಾತ್ರವಲ್ಲ, ಅಭಿವೃದ್ಧಿಶೀಲ ದೇಶಗಳಲ್ಲಿ ಬಹುಪಾಲು ಇದೇ ಕಥೆ. ಹೀಗಾಗುವುದು ಏಕೆ ಎಂಬುದನ್ನು ತಿಳಿಯಲು ಮೊದಲು ಕೆಲವು ಪದಗಳನ್ನು ಬಿಡಿಸಿಕೊಳ್ಳಬೇಕು.

ಪದಗಳ ಗೊಂದಲ

ವಯಸ್ಸಿಗೆ ತಕ್ಕ ತರಗತಿ, ವರ್ಷಕ್ಕೊಂದು ಮೆಟ್ಟಿಲು, ಕೊನೆಗೊಂದು ಪರೀಕ್ಷೆ ಇರುವ ಶಾಲೆ-ಕಾಲೇಜಿನ ಓದು ಔಪಚಾರಿಕ ಶಿಕ್ಷಣ. ಪಠ್ಯ, ಬೋಧಕರು, ವೇಳಾಪಟ್ಟಿ ಎಲ್ಲವೂ ಇದ್ದು, ಶಾಲೆಯ ಮೆಟ್ಟಿಲುಗಳ ಹೊರಗೆ ನಡೆಯುವ ಕಲಿಕೆ ಅನೌಪಚಾರಿಕ ಶಿಕ್ಷಣ; ಸಂಜೆಯ ಅಕ್ಷರ ಕೇಂದ್ರ, ಹೊಲಿಗೆ ತರಬೇತಿ, ಶಾಲೆ ಬಿಟ್ಟವರಿಗೆ ಮುಕ್ತ ಶಾಲೆಯ ಮೂಲಕ ಸಿಗುವ ಸಮಾನ ಪ್ರಮಾಣಪತ್ರ ಇವೆಲ್ಲ ಇದರಲ್ಲಿ ಸೇರುತ್ತವೆ. ಅಜ್ಜಿಯಿಂದ ಅಡುಗೆಯನ್ನೂ ಅಪ್ಪನಿಂದ ಬಿತ್ತನೆಯನ್ನೂ ಕಲಿಯುವುದು ಇವೆರಡಕ್ಕೂ ಸೇರದ ಸಹಜ ಕಲಿಕೆ, ಅದಕ್ಕೆ ಬಜೆಟ್ಟಿನ ಹಂಗಿಲ್ಲ.

ಭಾರತದ ಹಳೆಯ ಕಡತಗಳನ್ನು ಓದುವವರು ಇಲ್ಲಿ ಎಚ್ಚರದಿಂದಿರಬೇಕು. 1979–80ರಲ್ಲಿ ‘ಅನೌಪಚಾರಿಕ ಶಿಕ್ಷಣ’ ಎಂಬ ಹೆಸರಿನಲ್ಲಿ ಆರಂಭವಾದ ಕೇಂದ್ರದ ಯೋಜನೆ ವಯಸ್ಕರಿಗಾಗಿ ಇರಲಿಲ್ಲ. ಅದು ಶಾಲೆಯಿಂದ ಹೊರಗುಳಿದ 6ರಿಂದ 14 ವರ್ಷದ ಮಕ್ಕಳಿಗೆ. 15 ವರ್ಷ ದಾಟಿದವರ ಕಲಿಕೆಗೆ ‘ವಯಸ್ಕರ ಶಿಕ್ಷಣ’ ಎಂಬ ಹೆಸರಿತ್ತು. 2022ರಲ್ಲಿ ಕೇಂದ್ರ ಸರ್ಕಾರ ಆ ಹೆಸರನ್ನೂ ಬದಲಿಸಿ ‘ಎಲ್ಲರಿಗೂ ಶಿಕ್ಷಣ’ ಎಂದು ಕರೆಯಲು ನಿರ್ಧರಿಸಿತು. ಹೆಸರು ಬದಲಾದಷ್ಟು ಸಲೀಸಾಗಿ ಲೆಕ್ಕಶೀರ್ಷಿಕೆ ಬದಲಾಗುವುದಿಲ್ಲ. ಸರ್ಕಾರಿ ಲೆಕ್ಕದ ಪದ್ಧತಿಯಲ್ಲಿ ಸಾಮಾನ್ಯ ಶಿಕ್ಷಣದ ಸಂಖ್ಯೆ 2202. ಅದರೊಳಗೆ 01 ಪ್ರಾಥಮಿಕ, 02 ಪ್ರೌಢ, 03 ವಿಶ್ವವಿದ್ಯಾಲಯ, 04 ವಯಸ್ಕರ ಶಿಕ್ಷಣ. ಕೇಂದ್ರದ ಬಜೆಟ್ಟಿನಲ್ಲಾಗಲಿ ಕರ್ನಾಟಕದ ಆಯವ್ಯಯದಲ್ಲಾಗಲಿ ಈ ಹಣವನ್ನು ಹುಡುಕುವವರು ಮೊದಲು ನೋಡಬೇಕಾದ ಸಾಲು 2202–04.

ಇನ್ನು ‘ಸಾಕ್ಷರ’ ಎಂದರೆ ಯಾರು? ಜನಗಣತಿಯ ಪ್ರಕಾರ ಏಳು ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲ ವ್ಯಕ್ತಿ. ಗಣತಿದಾರರು ಪರೀಕ್ಷೆ ಮಾಡುವುದಿಲ್ಲ. ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಉಲ್ಲಾಸ್ ಯೋಜನೆಯಲ್ಲಿ ಪರೀಕ್ಷೆಯಿದೆ: ಓದು, ಬರಹ, ಲೆಕ್ಕ ತಲಾ 50ರಂತೆ ಒಟ್ಟು 150 ಅಂಕ. ಈ ಎರಡು ಅಳತೆಗೋಲುಗಳು ಒಂದೇ ಅಲ್ಲವೆಂಬುದು ಮುಂದೆ ಹಣದ ಲೆಕ್ಕದಲ್ಲೂ ತಲೆಹಾಕುತ್ತದೆ.

ಹಕ್ಕಿನ ಹಣ, ಯೋಜನೆಯ ಹಣ

ಪಡಿತರ ಚೀಟಿಯಲ್ಲಿ ಹೆಸರಿರುವವರಿಗೆ ತಿಂಗಳು ತಿಂಗಳು ಅಕ್ಕಿ ಬರಲೇಬೇಕು. ಬಾರದಿದ್ದರೆ ಕೇಳುವ ಅಧಿಕಾರ ಅವರಿಗಿದೆ. ಊರಿನಲ್ಲಿ ನಡೆಯುವ ಅನ್ನಸಂತರ್ಪಣೆಯ ಊಟವೂ ಹೊಟ್ಟೆ ತುಂಬಿಸುತ್ತದೆ, ಆದರೆ ಮುಂದಿನ ವರ್ಷ ಅದು ನಡೆಯದಿದ್ದರೆ ಯಾರನ್ನೂ ಕೇಳುವಂತಿಲ್ಲ. ಸರ್ಕಾರ ಶಿಕ್ಷಣಕ್ಕೆ ಕೊಡುವ ಹಣದಲ್ಲಿಯೂ ಈ ಎರಡು ಬಗೆಗಳಿವೆ.

6ರಿಂದ 14 ವರ್ಷದ ಮಗುವಿನ ಹೆಸರು ಪಡಿತರ ಚೀಟಿಯಲ್ಲಿದೆ ಎನ್ನಬಹುದು. ಸಂವಿಧಾನದ 21–ಎ ವಿಧಿ ಅದಕ್ಕೆ ಮೂಲಭೂತ ಹಕ್ಕನ್ನು ಕೊಟ್ಟಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಶಾಲೆ ಎಷ್ಟು ದೂರದಲ್ಲಿರಬೇಕು, ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕ ಎಂಬುದನ್ನೂ ನಿಗದಿಪಡಿಸಿದೆ. ಶಿಕ್ಷಕರ ಸಂಬಳ ಪ್ರತಿ ವರ್ಷ ಆಯವ್ಯಯದಲ್ಲಿ ಇದ್ದೇ ಇರುತ್ತದೆ, ಸರ್ಕಾರ ಬದಲಾದರೂ ಇರುತ್ತದೆ. ನಲವತ್ತು ವರ್ಷದ ನಿರಕ್ಷರಿ ಹೆಣ್ಣುಮಗಳಿಗೆ ಅಂಥ ಯಾವ ಕಾನೂನಿನ ಆಸರೆಯೂ ಇಲ್ಲ. ಆಕೆಗೆ ಸಿಗುವುದು ಯೋಜನೆಯ ಹಣ. ಯೋಜನೆಗೆ ಹೆಸರು, ಲಾಂಛನ, ಗುರಿ, ಮುಕ್ತಾಯದ ದಿನಾಂಕ ಇರುತ್ತವೆ. ಮುಕ್ತಾಯದ ನಂತರ ಇನ್ನೊಂದು ಯೋಜನೆ ಬರಬಹುದು, ಬಾರದೆಯೂ ಇರಬಹುದು.

ಸ್ವತಂತ್ರ ಭಾರತದ ವಯಸ್ಕರ ಶಿಕ್ಷಣದ ಇತಿಹಾಸವನ್ನು ಇಂಥ ಹೆಸರುಗಳ ಸರಮಾಲೆಯಾಗಿಯೇ ಓದಬಹುದು. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, ಐದು ವರ್ಷಗಳಲ್ಲಿ 15ರಿಂದ 35 ವರ್ಷದ ಹತ್ತು ಕೋಟಿ ಜನರನ್ನು ಸಾಕ್ಷರರನ್ನಾಗಿಸುವ ಗುರಿಯೊಂದಿಗೆ. 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್. 2009ರ ಸೆಪ್ಟೆಂಬರ್ 8ರಂದು ಸಾಕ್ಷರ ಭಾರತ. ಅದು 2018ರ ಮಾರ್ಚ್ 31ಕ್ಕೆ ಮುಗಿಯಿತು. ಬಳಿಕ ಎರಡು ವರ್ಷ ಕೇಂದ್ರದ ದೊಡ್ಡ ಯೋಜನೆಯೇ ಇಲ್ಲ. 2020–21ರಲ್ಲಿ 57 ಲಕ್ಷ ಜನರ ಗುರಿಯಿಟ್ಟುಕೊಂಡ ‘ಪಢ್ನಾ ಲಿಖ್ನಾ ಅಭಿಯಾನ’, 2022ರ ಏಪ್ರಿಲ್‌ನಿಂದ ಈಗಿನ ಉಲ್ಲಾಸ್.

ದೆಹಲಿಯಿಂದ ಹಳ್ಳಿಗೆ

ಉಲ್ಲಾಸ್ ಕೇಂದ್ರ ಪುರಸ್ಕೃತ ಯೋಜನೆ. ಖರ್ಚಿನ ನೂರು ರೂಪಾಯಿಯಲ್ಲಿ ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರ 60 ಕೊಡುತ್ತದೆ, ರಾಜ್ಯ 40 ಸೇರಿಸಬೇಕು; ಈಶಾನ್ಯ ಹಾಗೂ ಹಿಮಾಲಯದ ರಾಜ್ಯಗಳಿಗೆ ಈ ಪಾಲು 90 ಮತ್ತು 10. ಕೇಳಲು ಸರಳವಾಗಿರುವ ಈ ವ್ಯವಸ್ಥೆಯಲ್ಲಿ ಹಲವು ಬೀಗಗಳಿವೆ. ಹಣ ಒಂದೇ ಸಲ ಬರುವುದಿಲ್ಲ, ಕಂತುಗಳಲ್ಲಿ ಬರುತ್ತದೆ. ರಾಜ್ಯ ತನ್ನ ಪಾಲನ್ನು ಸೇರಿಸಿ, ಹಿಂದಿನ ಕಂತಿನ ಮುಕ್ಕಾಲು ಭಾಗವನ್ನಾದರೂ ಖರ್ಚು ಮಾಡಿ, ಹಣ ಬಳಕೆ ಪ್ರಮಾಣಪತ್ರ ಒಪ್ಪಿಸಿದ ಮೇಲೆಯೇ ಮುಂದಿನ ಕಂತು. ಸಾರ್ವಜನಿಕ ಹಣ ಖಾತೆಯಲ್ಲಿ ಸುಮ್ಮನೆ ಕೊಳೆಯಬಾರದು ಎಂಬ ಕಾರಣಕ್ಕೆ ಈ ನಿಯಮಗಳಿವೆ, ಕಾರಣ ಸರಿಯಾದದ್ದೇ. ಆದರೆ ಒಂದು ಜಿಲ್ಲೆಯ ಪ್ರಮಾಣಪತ್ರ ತಡವಾದರೆ ಇಡೀ ರಾಜ್ಯದ ಕಂತು ತಡವಾಗಬಹುದು.

ಶಾಲೆಯ ಮಕ್ಕಳಿಗೆ ಇಂಥ ವಿಳಂಬ ಅಷ್ಟಾಗಿ ತಟ್ಟುವುದಿಲ್ಲ, ಶಾಲೆಯ ಕಟ್ಟಡವೂ ಶಿಕ್ಷಕರೂ ಅಲ್ಲೇ ಇರುತ್ತಾರೆ. ವಯಸ್ಕ ಕಲಿಕಾರ್ಥಿಗೆ ಕಲಿಯಲು ಬಿಡುವು ಸಿಗುವುದು ವರ್ಷದ ಕೆಲವೇ ತಿಂಗಳು. 2011ರ ಜನಗಣತಿಯಲ್ಲಿ ಶೇ 51.83ರ ಸಾಕ್ಷರತೆಯೊಂದಿಗೆ ಕರ್ನಾಟಕದಲ್ಲೇ ಕೊನೆಯ ಸ್ಥಾನದಲ್ಲಿದ್ದ ಯಾದಗಿರಿ ಜಿಲ್ಲೆಯನ್ನೇ ನೋಡಿ. ಸುಗ್ಗಿ ಮುಗಿದ ಮೇಲೆ ಅಲ್ಲಿಯ ಕೂಲಿ ಕುಟುಂಬಗಳು ಬೆಂಗಳೂರು, ಹೈದರಾಬಾದ್‌ಗಳ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತವೆ. ಆರ್ಥಿಕ ವರ್ಷದ ಕೊನೆಯಲ್ಲಿ, ಫೆಬ್ರುವರಿ–ಮಾರ್ಚ್‌ನಲ್ಲಿ ಪುಸ್ತಕದ ಹಣ ಬಂದರೆ, ಪುಸ್ತಕ ಬಂದಾಗ ಓದುವವರು ಊರಿನಲ್ಲಿರುವುದಿಲ್ಲ. ಖಜಾನೆಯ ಪಂಚಾಂಗ ಬೇರೆ, ಹೊಲದ ಪಂಚಾಂಗ ಬೇರೆ.

ಒಬ್ಬರಿಗೆ ಎಷ್ಟು ರೂಪಾಯಿ?

ಉಲ್ಲಾಸ್‌ಗೆ ಐದು ವರ್ಷಗಳಿಗೆ ಮಂಜೂರಾದ ಒಟ್ಟು ಮೊತ್ತ 1037.90 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರದ ಪಾಲು 700 ಕೋಟಿ, ರಾಜ್ಯಗಳ ಪಾಲು 337.90 ಕೋಟಿ. ಗುರಿ ವರ್ಷಕ್ಕೆ ಒಂದು ಕೋಟಿಯಂತೆ ಐದು ಕೋಟಿ ಜನ. ಭಾಗಿಸಿದರೆ ಒಬ್ಬರಿಗೆ ಸುಮಾರು 207 ರೂಪಾಯಿ. ಹಿಂದಿನ ಸಾಕ್ಷರ ಭಾರತಕ್ಕೆ 2009ರಲ್ಲಿ ನಿಗದಿಯಾಗಿದ್ದು 6502.70 ಕೋಟಿ, ಗುರಿ ಏಳು ಕೋಟಿ ಜನ. ಅಂದರೆ ಒಬ್ಬರಿಗೆ ಸುಮಾರು 929 ರೂಪಾಯಿ. ಇವು ಘೋಷಿತ ಗುರಿಯನ್ನೂ ಮಂಜೂರಾದ ಮೊತ್ತವನ್ನೂ ಇಟ್ಟುಕೊಂಡು ಮಾಡಿದ ಲೆಕ್ಕ, ನಿಜಕ್ಕೂ ಖರ್ಚಾದ ಹಣದ ಲೆಕ್ಕವಲ್ಲ. ಆದರೂ ಹದಿಮೂರು ವರ್ಷಗಳಲ್ಲಿ ರೂಪಾಯಿಯ ಬೆಲೆ ಇಳಿದಿರುವುದನ್ನು ನೆನೆದರೆ ವ್ಯತ್ಯಾಸ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದು.

ಈ 207 ರೂಪಾಯಿ ಸಾಕೇ? 2005ರಲ್ಲಿ ಹಲವು ದೇಶಗಳ ಸಾಕ್ಷರತಾ ಕಾರ್ಯಕ್ರಮಗಳನ್ನು ಪರಿಶೀಲಿಸಿ ರೂಪಿಸಿದ ಅಂತಾರಾಷ್ಟ್ರೀಯ ಮಾನದಂಡವೊಂದರ ಪ್ರಕಾರ, ಒಬ್ಬ ವಯಸ್ಕ ಕಲಿಕಾರ್ಥಿಗೆ ವರ್ಷಕ್ಕೆ 50ರಿಂದ 100 ಡಾಲರ್, ಅದೂ ಕನಿಷ್ಠ ಮೂರು ವರ್ಷ ಬೇಕು. ಶಿಕ್ಷಣದ ಬಜೆಟ್ಟಿನಲ್ಲಿ ಕನಿಷ್ಠ ಶೇ 3 ವಯಸ್ಕರ ಸಾಕ್ಷರತೆಗೆ ಮೀಸಲಿರಬೇಕು. ಉಲ್ಲಾಸ್‌ನ ತಲಾ ಮೊತ್ತ 2022ರ ವಿನಿಮಯ ದರದಲ್ಲಿ ಮೂರು ಡಾಲರಿಗಿಂತ ಕಡಿಮೆ. ಕೇಂದ್ರದ 700 ಕೋಟಿಯನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 140 ಕೋಟಿ; ಕೇಂದ್ರ ಶಿಕ್ಷಣ ಸಚಿವಾಲಯದ ವಾರ್ಷಿಕ ಬಜೆಟ್ ಈ ಅವಧಿಯಲ್ಲಿ ಒಂದು ಲಕ್ಷ ಕೋಟಿಯನ್ನು ದಾಟಿದೆ. ನೂರು ರೂಪಾಯಿಯಲ್ಲಿ ಹದಿನಾಲ್ಕು ಪೈಸೆಯೂ ಆಗಲಿಲ್ಲ. ಶಿಕ್ಷಣಕ್ಕೆ ಹೆಚ್ಚು ಖರ್ಚು ಮಾಡುವುದು ರಾಜ್ಯಗಳು ಎಂಬುದನ್ನು ಮರೆಯಬಾರದು, ಹಾಗಾಗಿ ಇದು ಇಡೀ ಚಿತ್ರವಲ್ಲ. ಭಾರತವೊಂದೇ ಹೀಗೆ ಎಂದೂ ಅಲ್ಲ: 2016ರ ಯುನೆಸ್ಕೋ ಜಾಗತಿಕ ವರದಿಯ ಪ್ರಕಾರ ಶೇ 42ರಷ್ಟು ದೇಶಗಳು ಶಿಕ್ಷಣದ ಬಜೆಟ್ಟಿನಲ್ಲಿ ಶೇ 1ಕ್ಕಿಂತ ಕಡಿಮೆ ಹಣವನ್ನು ವಯಸ್ಕರ ಕಲಿಕೆಗೆ ಕೊಡುತ್ತಿದ್ದವು.

ಇಷ್ಟು ಕಡಿಮೆ ಹಣದಲ್ಲಿ ಕೆಲಸ ನಡೆಯುವುದಾದರೂ ಹೇಗೆ ಎಂಬ ಪ್ರಶ್ನೆಗೆ ಉತ್ತರ ಸ್ವಯಂಸೇವಕರು. ಉಲ್ಲಾಸ್‌ನಲ್ಲಿ ಕಲಿಸುವವರಿಗೆ ಗೌರವಧನವಿಲ್ಲ. ವಿದ್ಯಾರ್ಥಿಗಳು, ಶಿಕ್ಷಕರು, ಅಕ್ಕಪಕ್ಕದ ಓದಿದವರು ಬಿಡುವಿನ ವೇಳೆಯಲ್ಲಿ ಕಲಿಸಬೇಕು. ಒಂದು ಊಹೆಯ ಲೆಕ್ಕ ಹಾಕೋಣ. ಒಬ್ಬ ಸ್ವಯಂಸೇವಕಿ ಹತ್ತು ಜನರಿಗೆ ದಿನಕ್ಕೊಂದು ಗಂಟೆಯಂತೆ ಆರು ತಿಂಗಳು ಕಲಿಸಿದರೆ ಸುಮಾರು 180 ಗಂಟೆ. ಗಂಟೆಗೆ ಬರೀ 50 ರೂಪಾಯಿ ಕೊಟ್ಟರೂ 9,000 ರೂಪಾಯಿ ಆಗುತ್ತದೆ; ಒಬ್ಬ ಕಲಿಕಾರ್ಥಿಗೆ 900. ಅಂದರೆ ಸರ್ಕಾರ ಕೊಡುವ 207 ರೂಪಾಯಿಯ ನಾಲ್ಕು ಪಟ್ಟಿಗೂ ಹೆಚ್ಚು ಮೌಲ್ಯವನ್ನು ಆಕೆ ಪುಕ್ಕಟೆಯಾಗಿ ಕೊಟ್ಟಿರುತ್ತಾಳೆ. ಬಜೆಟ್ ಪುಸ್ತಕದಲ್ಲಿ ಎಲ್ಲಿಯೂ ಕಾಣದ ಅತಿ ದೊಡ್ಡ ಅನುದಾನ ಇದು.

ಜಾತ್ರೆ ಮುಗಿದ ಮೇಲೆ

ಸ್ವಯಂಸೇವೆಯ ಬಲ ಎಷ್ಟೆಂಬುದನ್ನು ತೋರಿಸಿದ್ದು ಕೇರಳದ ಎರ್ನಾಕುಲಂ. 1989ರ ಜನವರಿಯಲ್ಲಿ ಜಿಲ್ಲಾಡಳಿತವೂ ಜನರಲ್ಲಿ ವಿಜ್ಞಾನ ಹರಡುವ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತೂ ಸೇರಿ ಆರಂಭಿಸಿದ ಆಂದೋಲನದಿಂದ, 1990ರ ಫೆಬ್ರುವರಿ 4ರಂದು ಅದು ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾಯಿತು. ಜಾಥಾ, ಬೀದಿ ನಾಟಕ, ಹಾಡುಗಳ ಆ ಮಾದರಿಯೇ ಸಂಪೂರ್ಣ ಸಾಕ್ಷರತಾ ಆಂದೋಲನವಾಗಿ ದೇಶಕ್ಕೆಲ್ಲ ಹಬ್ಬಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ವಿಜಯಪುರ ಮೊದಲ ಸಾಲಿನಲ್ಲಿದ್ದವು. ಜಿಲ್ಲಾಧಿಕಾರಿಗಳ ನೇತೃತ್ವದ ಜಿಲ್ಲಾ ಸಾಕ್ಷರತಾ ಸಮಿತಿಗಳಿಗೆ ಹಣ ನೇರವಾಗಿ ಹೋಗುತ್ತಿತ್ತು, ಕೇಂದ್ರ ಎರಡು ಪಾಲು ಕೊಟ್ಟರೆ ರಾಜ್ಯ ಒಂದು ಪಾಲು.

ಆಂದೋಲನವನ್ನು ಜಾತ್ರೆಗೆ ಹೋಲಿಸಬಹುದು. ತೇರು ಎಳೆಯಲು ಊರಿಗೆ ಊರೇ ಬರುತ್ತದೆ, ಹಣ್ಣು-ದವನ ಎಸೆಯುತ್ತದೆ. ಮರುದಿನದಿಂದ ಗುಡಿಯಲ್ಲಿ ನಿತ್ಯವೂ ದೀಪ ಹಚ್ಚಬೇಕು, ಅದಕ್ಕೆ ಎಣ್ಣೆ-ಬತ್ತಿಯ ವ್ಯವಸ್ಥೆಯೇ ಬೇರೆ. ಹೊಸದಾಗಿ ಅಕ್ಷರ ಕಲಿತವರನ್ನು ಈ ಕ್ಷೇತ್ರದಲ್ಲಿ ‘ನವಸಾಕ್ಷರರು’ ಎನ್ನುತ್ತಾರೆ. ಓದಲು ಏನೂ ಸಿಗದಿದ್ದರೆ ಅವರು ಕಲಿತದ್ದನ್ನು ಕೆಲವೇ ವರ್ಷಗಳಲ್ಲಿ ಮರೆಯುವುದುಂಟು. ಇದನ್ನು ತಡೆಯಲೆಂದೇ ಮುಂದುವರಿಕೆ ಶಿಕ್ಷಣ ಕೇಂದ್ರಗಳು ಬಂದವು: ಹಳ್ಳಿಯಲ್ಲೊಂದು ಕೋಣೆ, ದಿನಪತ್ರಿಕೆ, ದಪ್ಪ ಅಕ್ಷರದ ಪುಸ್ತಕಗಳು, ನೋಡಿಕೊಳ್ಳಲು ಒಬ್ಬ ಪ್ರೇರಕ. ಆ ಯೋಜನೆಯ ಹಣದ ಸೂತ್ರ ಗಮನಿಸುವಂಥದ್ದು. ಮೊದಲ ಮೂರು ವರ್ಷ ಪೂರ್ತಿ ವೆಚ್ಚ ಕೇಂದ್ರದ್ದು. ನಾಲ್ಕನೆಯ ಮತ್ತು ಐದನೆಯ ವರ್ಷ ಅರ್ಧ ಕೇಂದ್ರ, ಅರ್ಧ ರಾಜ್ಯ. ಆರನೆಯ ವರ್ಷದಿಂದ ಎಲ್ಲವೂ ರಾಜ್ಯದ ಹೆಗಲಿಗೆ. ಘೋಷಣೆಯ ಸಂಭ್ರಮ, ಉದ್ಘಾಟನೆಯ ಫಲಕ ಎಲ್ಲವೂ ಮುಗಿದ ಮೇಲೆ, ನಿತ್ಯದ ಖರ್ಚು ಮಾತ್ರ ಉಳಿದಾಗ, ಹೊಣೆ ಕೈಬದಲಾಗುತ್ತಿತ್ತು.

ಸಾಕ್ಷರ ಭಾರತದಲ್ಲಿ ಪ್ರೇರಕರೇ ಬೆನ್ನೆಲುಬು. ಗ್ರಾಮ ಪಂಚಾಯಿತಿ ಮಟ್ಟದ ವಯಸ್ಕರ ಶಿಕ್ಷಣ ಕೇಂದ್ರಕ್ಕೆ ಇಬ್ಬರು, ತಿಂಗಳಿಗೆ ತಲಾ 2,000 ರೂಪಾಯಿ ಗೌರವಧನ. ಇಬ್ಬರಿಗೂ ಸೇರಿ ವರ್ಷಕ್ಕೆ 48,000 ರೂಪಾಯಿ. ನಿರಕ್ಷರಿಗಳ ಪಟ್ಟಿ ಮಾಡುವುದು, ಬೋಧಕರನ್ನು ಹುಡುಕುವುದು, ವರ್ಷಕ್ಕೆರಡು ಸಲ ನಡೆಯುವ ಪರೀಕ್ಷೆಗೆ ಜನರನ್ನು ಕರೆತರುವುದು ಎಲ್ಲವೂ ಅವರ ಕೆಲಸ. ಆ ಯೋಜನೆಯ ಅವಧಿಯಲ್ಲಿ 7.64 ಕೋಟಿ ಜನ ಪರೀಕ್ಷೆಯಲ್ಲಿ ತೇರ್ಗಡೆಯಾದರು ಎಂಬುದು ಸರ್ಕಾರಿ ಅಂಕಿ. 2018ರ ಮಾರ್ಚ್ 31ರ ನಂತರ ಪ್ರೇರಕರಿಗೆ ಕೆಲಸವಿರಲಿಲ್ಲ. ಹಲವು ರಾಜ್ಯಗಳಲ್ಲಿ ಅವರು ಬಾಕಿ ಗೌರವಧನಕ್ಕಾಗಿ ಧರಣಿ ಕೂರಬೇಕಾಯಿತು. ಊರಿನ ಪ್ರತಿ ಮನೆಯನ್ನೂ ಬಲ್ಲ, ಯಾರು ಎಲ್ಲಿಯವರೆಗೆ ಕಲಿತಿದ್ದಾರೆಂದು ತಿಳಿದ ಮನುಷ್ಯರ ಜಾಲ ಹಾಗೆ ಚದುರಿದ ಮೇಲೆ ಹೊಸ ಯೋಜನೆ ಮತ್ತೆ ಸಮೀಕ್ಷೆಯಿಂದಲೇ ಆರಂಭವಾಗಬೇಕು.

ಸರ್ಕಾರಗಳು ಕೈ ಬಿಗಿಹಿಡಿಯುವುದು ಏಕೆ?

ಮೊದಲ ಕಾರಣ ಸರಳವಾದ ತರ್ಕ: ತೊಟ್ಟಿ ತುಂಬಿ ಹರಿಯುತ್ತಿದ್ದರೆ ಮೊದಲು ನಲ್ಲಿ ನಿಲ್ಲಿಸಬೇಕು, ನೆಲ ಒರೆಸುವುದು ಆಮೇಲೆ. ಎಲ್ಲ ಮಕ್ಕಳನ್ನೂ ಶಾಲೆಗೆ ಕಳಿಸಿದರೆ ಒಂದು ತಲೆಮಾರು ಕಳೆಯುವಷ್ಟರಲ್ಲಿ ನಿರಕ್ಷರತೆ ತಾನಾಗಿ ಹೋಗುತ್ತದೆ ಎಂಬ ವಾದವಿದು. 1990ರ ದಶಕದಲ್ಲಿ ವಿಶ್ವಬ್ಯಾಂಕ್ ಸೇರಿದಂತೆ ನೆರವು ಕೊಡುವ ಸಂಸ್ಥೆಗಳು ಪ್ರಾಥಮಿಕ ಶಿಕ್ಷಣಕ್ಕೆ ಹೂಡಿದ ಹಣವೇ ಹೆಚ್ಚು ಲಾಭ ತರುತ್ತದೆಂದು ನಂಬಿದವು. 2000ದಲ್ಲಿ ಸೆನೆಗಲ್‌ನ ಡಾಕಾರ್‌ನಲ್ಲಿ ಸೇರಿದ ದೇಶಗಳು ಶಿಕ್ಷಣದ ಆರು ಗುರಿಗಳನ್ನು ಒಪ್ಪಿಕೊಂಡಿದ್ದವು, 2015ರೊಳಗೆ ವಯಸ್ಕರ ಸಾಕ್ಷರತೆಯಲ್ಲಿ ಶೇ 50ರಷ್ಟು ಸುಧಾರಣೆ ಅವುಗಳಲ್ಲೊಂದು. ಅದೇ ವರ್ಷ ರೂಪುಗೊಂಡ ವಿಶ್ವಸಂಸ್ಥೆಯ ಸಹಸ್ರಮಾನದ ಅಭಿವೃದ್ಧಿ ಗುರಿಗಳಿಗೆ ದಾಟಿದ್ದು ಪ್ರಾಥಮಿಕ ಶಿಕ್ಷಣ ಮತ್ತು ಲಿಂಗ ಸಮಾನತೆ ಮಾತ್ರ. ಗುರಿ ಎಲ್ಲಿತ್ತೋ ನೆರವು ಅಲ್ಲಿಗೆ ಹೋಯಿತು.

ಈ ವಾದದಲ್ಲಿ ನಿಜವಿದೆ, ಆದರೆ ಅದು ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತದೆ. ಇಂದು ಮೂವತ್ತೈದು ವರ್ಷದ ನಿರಕ್ಷರಿ ಇನ್ನೂ ಮೂವತ್ತು ವರ್ಷ ದುಡಿಯಬೇಕು, ಬ್ಯಾಂಕಿಗೆ, ಆಸ್ಪತ್ರೆಗೆ ಹೋಗಬೇಕು. ಜೊತೆಗೆ, ಓದು ಬಲ್ಲ ತಾಯಿಯ ಮಕ್ಕಳು ಶಾಲೆಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. ಹಾಗಾಗಿ ನೆಲ ಒರೆಸುವ ಕೆಲಸ ನಲ್ಲಿಯನ್ನು ತಿರುಗಿಸಲೂ ನೆರವಾಗುತ್ತದೆ. ಜಗತ್ತಿನ ಸುಮಾರು 74 ಕೋಟಿ ನಿರಕ್ಷರಿ ವಯಸ್ಕರಲ್ಲಿ ಮೂರನೆಯ ಎರಡು ಭಾಗ ಹೆಂಗಸರು.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶಾಲೆಗೆ ಪೋಷಕರಿದ್ದಾರೆ, ಶಿಕ್ಷಕರ ಸಂಘಗಳಿವೆ. ಅನುದಾನ ಕಡಿತವಾದರೆ ಗದ್ದಲವಾಗುತ್ತದೆ. ಸಂಜೆಯ ಅಕ್ಷರ ಕೇಂದ್ರ ಮುಚ್ಚಿದರೆ ಅಲ್ಲಿಗೆ ಬರುತ್ತಿದ್ದವರು ಅರ್ಜಿ ಬರೆಯುವವರಲ್ಲ.

ಬ್ರೆಜಿಲ್‌ನಲ್ಲಿ ಆದದ್ದು

ಹಣದ ಪ್ರಮಾಣಕ್ಕಿಂತ ಹಣದ ಸೂತ್ರ ಹೇಗೆ ಮುಖ್ಯವಾಗುತ್ತದೆಂಬುದಕ್ಕೆ ಬ್ರೆಜಿಲ್‌ಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಅಲ್ಲಿ 1996ರಲ್ಲಿ ‘ಫುಂಡೆಫ್’ ಎಂಬ ನಿಧಿಯನ್ನು ಕಾನೂನಿನ ಮೂಲಕ ಸ್ಥಾಪಿಸಲಾಯಿತು. ತೆರಿಗೆಯ ಒಂದು ಪಾಲನ್ನು ಈ ನಿಧಿಗೆ ಸೇರಿಸಿ, ದಾಖಲಾದ ವಿದ್ಯಾರ್ಥಿಗಳ ತಲೆ ಎಣಿಸಿ ರಾಜ್ಯಗಳಿಗೂ ಪುರಸಭೆಗಳಿಗೂ ಹಂಚಲಾಗುತ್ತಿತ್ತು. ಆದರೆ ವಯಸ್ಕರ ತರಗತಿಯಲ್ಲಿ ದಾಖಲಾದವರನ್ನು ಎಣಿಕೆಗೆ ಸೇರಿಸುವ ಅಂಶವನ್ನು ದೇಶದ ಅಧ್ಯಕ್ಷರು ತಡೆಹಿಡಿದರು. ಪರಿಣಾಮ ಊಹಿಸಬಹುದಾದದ್ದೇ: ಪುರಸಭೆಯೊಂದು ಇನ್ನೊಬ್ಬ ಮಗುವನ್ನು ಸೇರಿಸಿಕೊಂಡರೆ ಹಣ ಬರುತ್ತದೆ, ಆ ಮಗುವಿನ ತಾಯಿಯನ್ನು ಸೇರಿಸಿಕೊಂಡರೆ ಬರುವುದಿಲ್ಲ. 2007ರಲ್ಲಿ ಬಂದ ‘ಫುಂಡೆಬ್’ ಈ ತಕ್ಕಡಿಯನ್ನು ತಿದ್ದಿತು. ನಗರದ ಪ್ರಾಥಮಿಕ ಶಾಲೆಯ ಮಗುವಿಗೆ 1 ಎಂಬ ತೂಕ ಕೊಟ್ಟರೆ ವಯಸ್ಕ ಕಲಿಕಾರ್ಥಿಗೆ 0.7, ವಯಸ್ಕರ ಶಿಕ್ಷಣಕ್ಕೆ ನಿಧಿಯ ಶೇ 15ಕ್ಕಿಂತ ಹೆಚ್ಚು ಹೋಗಬಾರದೆಂಬ ಮಿತಿಯೂ ಇತ್ತು. ಪೂರ್ತಿ ಸಮಾನತೆಯಲ್ಲ, ಆದರೂ ಪಡಿತರ ಚೀಟಿಯಲ್ಲಿ ಹೆಸರು ಬಂದಂತಾಯಿತು.

ಪಶ್ಚಿಮ ಆಫ್ರಿಕಾದ ದಾರಿ ಬೇರೆ. 1990ರ ದಶಕದಲ್ಲಿ ಸೆನೆಗಲ್ ಸರ್ಕಾರ ತಾನೇ ತರಗತಿ ನಡೆಸುವ ಬದಲು ಸ್ಥಳೀಯ ಸಂಘ-ಸಂಸ್ಥೆಗಳಿಗೆ ಹಣ ಕೊಟ್ಟು ನಡೆಸುವ ಪದ್ಧತಿ ತಂದಿತು. ಫ್ರೆಂಚ್‌ನಲ್ಲಿ ಅದರ ಹೆಸರು ‘ಫೇರ್-ಫೇರ್’. ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳಬಹುದು: ಮಾಡುವುದಲ್ಲ, ಮಾಡಿಸುವುದು. ಅದೇ ಭಾಗದ ಬುರ್ಕಿನಾ ಫಾಸೊ 2002ರಲ್ಲಿ ಸರ್ಕಾರದ ಹಾಗೂ ವಿದೇಶಿ ನೆರವಿನ ಹಣ ಎರಡನ್ನೂ ಕೂಡಿಸಿ, ಸಾಕ್ಷರತೆ ಮತ್ತು ಅನೌಪಚಾರಿಕ ಶಿಕ್ಷಣಕ್ಕೆಂದೇ ಒಂದು ನಿಧಿ ಮಾಡಿತು. ಊರಿನ ಭಾಷೆ ಬಲ್ಲವರ ಕೈಗೆ ಹಣ ಬೇಗ ತಲುಪುವುದು ಇದರ ಲಾಭ; ಗುತ್ತಿಗೆಗಾಗಿಯೇ ರಾತ್ರೋರಾತ್ರಿ ಸಂಸ್ಥೆಗಳು ಹುಟ್ಟಿಕೊಳ್ಳುವುದು ಇದರ ಅಪಾಯ.

2027ಕ್ಕೆ ಉಳಿದಿರುವ ಲೆಕ್ಕ

2011ರ ಜನಗಣತಿಯ ಪ್ರಕಾರ 15 ವರ್ಷ ಮೀರಿದ ನಿರಕ್ಷರಿಗಳು 25.76 ಕೋಟಿ, ಅವರಲ್ಲಿ 16.68 ಕೋಟಿ ಹೆಂಗಸರು. ಅದರಿಂದ ಸಾಕ್ಷರ ಭಾರತದಲ್ಲಿ ತೇರ್ಗಡೆಯಾದ 7.64 ಕೋಟಿಯನ್ನು ಕಳೆದು ಉಳಿದವರು 18.12 ಕೋಟಿ ಎಂದು ಸರ್ಕಾರ ಅಂದಾಜಿಸಿತು. ಈ ಕಳೆಯುವ ಲೆಕ್ಕದಲ್ಲಿ, ಕಲಿತು ಮರೆತವರೂ ಗಣತಿಗೆ ಮೊದಲೇ ತೇರ್ಗಡೆಯಾದವರೂ ಸೇರಿಹೋಗಿದ್ದಾರೆ. ಉಲ್ಲಾಸ್‌ನ ಐದು ಕೋಟಿಯ ಗುರಿ ಈಡೇರಿದರೂ ಅದು ಆ ಅಂದಾಜಿನ ನಾಲ್ಕರಲ್ಲೊಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಷ್ಟೆ.

ಇತ್ತ 2025ರಲ್ಲಿ ಮಿಜೋರಾಂ, ಗೋವಾ, ತ್ರಿಪುರಾ ಒಂದರ ಹಿಂದೆ ಒಂದು ‘ಸಂಪೂರ್ಣ ಸಾಕ್ಷರ’ ಎಂದು ಘೋಷಿಸಿಕೊಂಡವು. ಇಲ್ಲಿ ಸಂಪೂರ್ಣ ಎಂದರೆ ನೂರಕ್ಕೆ ನೂರಲ್ಲ, ಶೇ 95. ಮಿಜೋರಾಂ 2011ರಲ್ಲೇ ಶೇ 91ನ್ನು ದಾಟಿತ್ತು. ಯಾದಗಿರಿಯಂಥ ಜಿಲ್ಲೆ ಅಲ್ಲಿಗೆ ತಲುಪಲು ನಡೆಯಬೇಕಾದ ದಾರಿಯೇ ಬೇರೆ, ತಲಾ 207 ರೂಪಾಯಿಯ ಸರಾಸರಿ ಮಾತ್ರ ಎರಡಕ್ಕೂ ಒಂದೇ.

ವಯಸ್ಕರ ಕಲಿಕೆಯ ಎಲ್ಲ ಖರ್ಚೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಸಿಗುವುದಿಲ್ಲ ಎಂಬುದನ್ನೂ ಓದುಗರು ಗಮನದಲ್ಲಿಡಬೇಕು. ವೃತ್ತಿ ಕೌಶಲ ಕಲಿಸುವ ಜನ ಶಿಕ್ಷಣ ಸಂಸ್ಥಾನಗಳು 2018ರಲ್ಲಿ ಕೌಶಲಾಭಿವೃದ್ಧಿ ಸಚಿವಾಲಯಕ್ಕೆ ಹೋದವು. ಸ್ವಸಹಾಯ ಸಂಘಗಳ ತರಬೇತಿ ಗ್ರಾಮೀಣಾಭಿವೃದ್ಧಿಯಲ್ಲಿದೆ, ರೈತರ ತರಬೇತಿ ಕೃಷಿ ಇಲಾಖೆಯಲ್ಲಿದೆ. ಹಾಗಾಗಿ ಯಾವುದೇ ದೇಶ ತಾನು ಇಷ್ಟು ಶೇಕಡ ಖರ್ಚು ಮಾಡುತ್ತಿದ್ದೇನೆಂದು ಹೇಳಿದಾಗ ಯಾವುದನ್ನು ಸೇರಿಸಿ, ಯಾವುದನ್ನು ಬಿಟ್ಟು ಎಂದು ಕೇಳಬೇಕಾಗುತ್ತದೆ. 2027–28ರ ಬಜೆಟ್ ಪುಸ್ತಕಗಳು ಬಂದಾಗ 2202–04ರ ಸಾಲಿನಲ್ಲಿ ಹೊಸ ಯೋಜನೆಯ ಹೆಸರಿದೆಯೇ, ಅದಕ್ಕೆ ಎಷ್ಟು ವರ್ಷಗಳ ಅವಧಿಯಿದೆ, ಕಲಿಸುವವರಿಗೂ ಪ್ರೇರಕರಿಗೂ ಗೌರವಧನವೆಂದು ಏನಾದರೂ ಬರೆದಿದೆಯೇ ಎಂಬ ಮೂರನ್ನು ನೋಡಿದರೆ, ಹಣ ಜಾತ್ರೆಗೋ ನಿತ್ಯದ ದೀಪಕ್ಕೋ ಎಂಬುದು ತಿಳಿಯುತ್ತದೆ.